ಗೆಲ್ಲುವ ಗೆರೆಯಲ್ಲಿ ನಿಲ್ಲುವ ಗಾಡಿ

ಇಷ್ಟಲಿಂಗಪೂಜೆ ಮುಗಿಯದೆ ನೀರನ್ನೂ ಮುಟ್ಟದವರು, ಜಂಗಮರು ಉಣ್ಣದೆ ತಾವುಣ್ಣದವರು, ತೊಗರಿ ಹರಾಜಿನ ಸವಾಲಿನಲ್ಲಿ ಎಂದೂ ಸೋಲದವರು, ವಿಜಯಪುರದ ರಸ್ತೆಯಲ್ಲಿ ತಮ್ಮ ಜೀಪನ್ನು ದಾಟಿಹೋಗಲು ಯಾರನ್ನೂ ಬಿಡದವರು, ಜೇವರ್ಗಿಯ ಅಡತಿ ವರ್ತಕರಾದ ವಿಶ್ವಾರಾಧ್ಯರು. ಅಂಥವರು ಕೈಯಲ್ಲಿ ಹಿಡಿದಾಡುವ ವಿಡಿಯೋ ಗೇಮಿನ ಪುಟ್ಟ ಕಾರುಗಳ ಪಂದ್ಯದಲ್ಲಿ ಮಡದಿ ಶೈಲಶ್ರೀಯವರಿಗೆ ದಿನವೂ ಸೋಲುತ್ತಾರೆ. ಗೆಲುವಿನ ಗೆರೆ ಕಂಡೊಡನೆ ಅವರ ಗಾಡಿ ನಿಲ್ಲುತ್ತದೆ. “ಮತ್ತ ನಿಂತ್ರೇನ್ರಿ? ಜೀಪರೆ ಹ್ಯಾಂಗ ಹೊಡಿತೀರಿ?” ಎಂದು ಆಕೆ ಜಾಡಿಸಿದರೆ, “ಎಮ್ಮಿ ಅಡ್ಡ ಬಂತ್ ನೋಡು” ಎನ್ನುತ್ತಾರೆ. ಆ ಆಟದಲ್ಲಿ ಎಮ್ಮೆಯೇ ಇಲ್ಲ. ಲಕ್ವಾ ಹೊಡೆದು ಮರಗಟ್ಟಿದ್ದ ಆಕೆಯ ಬಲಗೈ ಗಂಡನನ್ನು ಸೋಲಿಸುವ ಛಲದಿಂದ ಗುಂಡಿ ಒತ್ತಲು ಕಲಿತಿದೆ; ನಿನ್ನೆ ಯಾರ ನೆರವೂ ಇಲ್ಲದೆ ಜೋಳದ ರೊಟ್ಟಿ ಮುರಿಯಿತು. ಆ ಕೈಗೆ ಇನ್ನಷ್ಟು ಬಲ ಬರಲಿ. ಆ ದಂಪತಿಗಳನ್ನೂ ಅವರ ಮನೆತನವನ್ನೂ ಶಿವನು ತಂಪಾಗಿಡಲಿ.