ಓದದೆ ಹಾಕಿದ ಸೈನು

ಸಿದ್ದರಾಜಣ್ಣ, ನಿನ್ನ ದೂರನ್ನು ಬದಲಾಯಿಸಿದ್ದು ಆ ಎಸ್‌ಐ ಅಲ್ಲ. ನಾನು.

ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಇದಕ್ಕೆ ಮುಂಚೆ ಮೂರು ಸಲ ಈ ಕಾಗದ ಶುರು ಮಾಡಿದ್ದೆ — ಅತ್ತಿಗೆ ಹೇಗಿದ್ದಾರೆ, ಕಾವ್ಯ ಹೇಗೆ ಓದುತ್ತಿದ್ದಾಳೆ ಎಂದು ಕೇಳುವುದರಲ್ಲೇ ಅರ್ಧ ಹಾಳೆ ತುಂಬುತ್ತಿತ್ತು, ಹರಿದು ಹಾಕುತ್ತಿದ್ದೆ. ಈಗ ನಿನಗೆ ಗೊತ್ತಿರುವ ಸಂಗತಿಗಳನ್ನೂ ಬಿಡದೆ ಬರೆಯುತ್ತೇನೆ. ಇದು ನೀನೊಬ್ಬನೇ ಓದಿ ಮಡಚಿಡುವ ಕಾಗದವಲ್ಲ, ನಮ್ಮ ಬೀದಿಯವರ ಮುಂದೆ ಓದಬೇಕಾದದ್ದು. ಅವರಿಗೂ ನಾನು ಸುಳ್ಳು ಹೇಳಿದ್ದೇನೆ.

ಐದು ವರ್ಷದಿಂದ ನೀನು ಸಿಕ್ಕಸಿಕ್ಕವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೀಯ. "ನಮ್ ಕೂಸು ಏನ್ ಮಾಡದು, ಆ ಎಸ್‌ಐ ಕಾಗ್ದನೇ ಬದ್ಲಾಯ್ಸ್‌ಬುಟ್ಟ." ನಿನ್ನ ಆ ಕೂಸು ನಾನೇ, ಹಬ್ಬಕ್ಕೆ ಊರಿಗೆ ಬಂದಾಗ ಪಕ್ಕದಲ್ಲೇ ಕೂತು ಅದನ್ನು ಕೇಳಿಸಿಕೊಂಡಿದ್ದೇನೆ. ತಲೆ ತಗ್ಗಿಸಿದ್ದೇನೆ. ಪಾಪ, ಎಷ್ಟು ನೊಂದುಕೊಂಡವಳೆ ಅಂತ ಅತ್ತಿಗೆ ಇನ್ನೊಂದು ಒಬ್ಬಟ್ಟು ಹಾಕಿದರು. ನಾನು ತಿಂದೆ.

ನೀನು ನನ್ನ ದೊಡ್ಡಮ್ಮನ ಮಗ. ಸ್ವಂತ ಅಣ್ಣ ಇದ್ದಿದ್ದರೂ ಅಷ್ಟು ಮಾಡುತ್ತಿರಲಿಲ್ಲ. ದಿನವಿಡೀ ಜನರ ಮೋಟಾರಿಗೆ ತಾಮ್ರದ ತಂತಿ ಸುತ್ತಿ ಬೆರಳು ಸೀಳಿಸಿಕೊಂಡು, ಬೆಳಗಾದರೆ ಕೆರೆ ಏರಿಯ ಮೇಲೆ ಸೈಕಲ್ ತುಳಿಯುತ್ತಿದ್ದೆ. ನಾನು ಹಿಂದೆ ಓಡಬೇಕು. ಪೊಲೀಸ್ ಕೆಲಸದ ದೈಹಿಕ ಪರೀಕ್ಷೆಗೆ ನನಗೆ ಅದೇ ತರಬೇತಿ. ಹೆಣ್ಣುಹುಡುಗಿ ಪೊಲೀಸಾಗುವುದೆಂದರೇನು ಎಂದು ಬೀದಿಯಲ್ಲಿ ಗೊಣಗಿದವರಿಗೆ, "ಅವ್ರ್‌ನ ಕಂಡ್ರೆ ಓಡೋಗದು ಸಾಕು ಕಣ್ರಿ, ನಮ್ಮೋರೂ ಒಬ್ರು ಒಳಗಿರ್ಲಿ" ಎಂದಿದ್ದೆ. ನಾನು ಮೊದಲ ಸಲ ಯೂನಿಫಾರ್ಮಿನಲ್ಲಿ ಬೀದಿಗೆ ಬಂದಾಗ ಮಾದಜ್ಜ ಎದ್ದು ನಿಂತು ಕೈ ಮುಗಿದುಬಿಟ್ಟ, ನೆನಪಿದೆಯಾ? ಯಾರನ್ನು ಹುಡುಕಿಕೊಂಡು ಬಂದರೋ ಅಂತ ಹೆದರಿದ್ದ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಇದು ನಮ್ ಕೂಸು ಕಣಜ್ಜ, ಕುಂತ್ಕೋ."

ಆಗ ನಾನಿದ್ದ ಠಾಣೆಯ ಊರು ನಮ್ಮ ಬೀದಿಯವರಿಗೆಲ್ಲ ಗೊತ್ತು, ಹೆಸರು ಬೇಡ. ಕೊಳ್ಳೇಗಾಲದ ಬಸ್ಸು ನಿಲ್ಲುವ ಒಂದು ಊರು ಅಂದರೆ ಸಾಕು. ಬಸ್ಸು ನಿಲ್ಲುವಲ್ಲೇ ಬಸಣ್ಣನ ಹೋಟೆಲ್. ಅಲ್ಲಿ ಗೋಡೆಗೆ ಎರಡು ಹಲಗೆ. ಮೇಲಿನದರಲ್ಲಿ ಸ್ಟೀಲ್ ಲೋಟ, ಕೆಳಗಿನದರಲ್ಲಿ ಪೇಪರ್ ಕಪ್ಪು. ಕೊರೋನಾ ಬಂದಾಗ ಎಲ್ಲರಿಗೂ ಪೇಪರ್ ಕಪ್ಪೇ ಆಗಿತ್ತು. ಕಾಯಿಲೆ ಹೋದ ಮೇಲೆ ಲೋಟ ವಾಪಸ್ಸು ಬಂತು — ಎಲ್ಲರಿಗೂ ಅಲ್ಲ. ಅಲ್ಲಿ ಬೋರ್ಡಿಲ್ಲ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಬಸಣ್ಣ ಮುಖ ನೋಡುತ್ತಾನೆ, ಕೈ ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಬಸ್ಸಿಳಿದು ಬರುವ ಗುರುತಿಲ್ಲದವನಿಗೆ ಲೋಟ ಮತ್ತು ಬೆಂಚು. ಗುರುತಿರುವ ನಮ್ಮ ಬೀದಿಯವರಿಗೆ ಕಪ್ಪು ಮತ್ತು ಹೊರಗಿನ ಕಲ್ಲು. ನೀನು ಮಾತ್ರ ಅವನ ಅಡುಗೆಮನೆಯವರೆಗೂ ಹೋಗಬಹುದಿತ್ತು — ಗ್ರೈಂಡರಿನ ಮೋಟಾರು ಸುಟ್ಟಾಗ.

ನನಗೆ ಅಲ್ಲಿ ಲೋಟವೇ ಸಿಗುತ್ತಿತ್ತು. ಖಾಕಿಗೆ ಸಿಗುತ್ತಿತ್ತು ಅನ್ನು. ಅದು ಗೊತ್ತಾಗಿದ್ದು ಒಂದು ಭಾನುವಾರ. ನಾನು ಸೀರೆಯಲ್ಲಿದ್ದೆ, ನೀನು ಜೊತೆಗಿದ್ದೆ. ಇಬ್ಬರಿಗೂ ಪೇಪರ್ ಕಪ್ಪು ಬಂತು. ಆಮೇಲೆ ಬಸಣ್ಣ ನನ್ನ ಮುಖವನ್ನು ಇನ್ನೊಂದು ಸಲ ನೋಡಿದ. "ಅಯ್ಯೋ ಮೇಡಮ್ಮೋರೇ, ಸೀರೇಲಿ ಗೊತ್ತಾಗ್ನಿಲ್ಲ ಕಣ್ರಿ" ಎಂದು ನನ್ನ ಕಪ್ಪನ್ನು ತೆಗೆದುಕೊಂಡು ಹೋಗಿ ಲೋಟದಲ್ಲಿ ತಂದ. ನಿನ್ನದು ಹಾಗೇ ಇತ್ತು. ನೀನು ನಕ್ಕೆ. "ಕುಡಿ ಕೂಸು. ನಮ್ಮನೇಲಿ ಒಬ್ರಿಗಾದ್ರೂ ಲೋಟ ಸಿಕ್ತಲ್ಲ."

ನಾನು ಕುಡಿದೆ. ಬೇಡ ಅನ್ನಬಹುದಿತ್ತು, ಇಬ್ಬರಿಗೂ ತಾ ಅನ್ನಬಹುದಿತ್ತು. ಇನ್ನೂ ಒಂದು ಬರೆಯಬೇಕು. ಆ ಲೋಟ ಕೈಗೆ ಬಂದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು.

ಗಲಾಟೆಯಾದದ್ದು ಅದಾದ ಕೆಲವು ತಿಂಗಳಿಗೆ. ಬೆಳಿಗ್ಗೆ ನೀನು ಗ್ರೈಂಡರ್ ರಿಪೇರಿ ಮುಗಿಸಿ, ಕೈ ತೊಳೆದುಕೊಂಡು, ಒಳಗಿನ ಬೆಂಚಿನ ಮೇಲೆ ಕೂತೆ. "ಆಚ್ಗೆ ನಡಿ ಸಿದ್ದರಾಜು, ಅಲ್ಗೇ ತಂದ್ಕೊಡ್ತೀನಿ" ಎಂದ ಬಸಣ್ಣ. "ನಿಮ್ ಇಟ್ಟು ರುಬ್ಬೋ ಮೋಟ್ರುನ ಒಳಗೇ ಕುಂತು ಕಟ್ಟಿವ್ನಿ. ಕಾಪಿನೂ ಒಳಗೇ ಕುಡೀತೀನಿ" ಎಂದು ನೀನೇ ಎದ್ದು ಮೇಲಿನ ಹಲಗೆಯಿಂದ ಒಂದು ಲೋಟ ತೆಗೆದುಕೊಂಡೆ. ಅವನು ಅದನ್ನು ಕಿತ್ತುಕೊಂಡು ಮೋರಿಗೆ ಎಸೆದ. ನಮ್ಮ ಬೀದಿಯ ಜನರನ್ನು ಆ ಒಂದು ಪದದಿಂದ ಕರೆದ. ಆ ಪದವನ್ನು ಇಲ್ಲಿ ಬರೆಯಲಾರೆ. ಹೋಟೆಲ್ ತುಂಬ ಜನ ಇದ್ದರು. ಒಬ್ಬರೂ ತಮ್ಮ ಲೋಟದಿಂದ ತಲೆ ಎತ್ತಲಿಲ್ಲ.

"ಪೊಲೀಸ್ರ ತಾವ ಓಗ್ಬ್ಯಾಡ ಕಣ್ಲಾ" ಎಂದು ಮಾದಜ್ಜ ನಿನಗೆ ಹೇಳಿದನಂತೆ. "ಅವ್ರೂ ಅದೇ ಓಟ್ಲಲ್ಲಿ ಕಾಪಿ ಕುಡಿಯೋರು." ನೀನು ಕೇಳಲಿಲ್ಲ. ನಮ್ ಕೂಸೇ ಅಲ್ಲಿ ರೈಟ್ರು, ಅವ್ಳು ಬರೀತಾಳೆ ಎಂದು ಬಂದೆ.

ರೈಟರ್ ಅಂದರೆ ಠಾಣೆಯ ಕಾಗದಪತ್ರವೆಲ್ಲ ಬರೆಯುವವಳು. ನೀನು ಹೇಳುತ್ತಾ ಹೋದೆ, ನಾನು ಕೈಯಲ್ಲೇ ಬರೆಯುತ್ತಾ ಹೋದೆ. ಎರಡು ಹಾಳೆ. ಲೋಟ, ಮೋರಿ, ಆ ಪದ, ಯಾರ್ಯಾರು ಅಲ್ಲಿದ್ದರು — ಎಲ್ಲ ಇತ್ತು. ಓದಿ ಹೇಳಿದೆ, ನೀನು ಕಣ್ಣೊರೆಸಿಕೊಂಡು ಸೈನ್ ಹಾಕಿದೆ. ಅಲ್ಲಿಯವರೆಗೆ ನಾನು ನಿನ್ನ ತಂಗಿಯಾಗಿಯೇ ಇದ್ದೆ. ನಂಬುವುದಾದರೆ ಅಷ್ಟನ್ನು ನಂಬು.

ಹಾಳೆಗಳನ್ನು ಎಸ್‌ಐ ಕೋಣೆಗೆ ತೆಗೆದುಕೊಂಡು ಹೋದೆ. ಮೇಜಿನ ಮೇಲೆ ಬಸಣ್ಣನ ಹೋಟೆಲ್ಲಿನ ಫ್ಲಾಸ್ಕು ಇತ್ತು. ದಿನಾ ಹತ್ತು ಗಂಟೆಗೆ ಅಲ್ಲಿಂದಲೇ ಕಾಫಿ ಬರುತ್ತಿದ್ದದ್ದು. ಫ್ಲಾಸ್ಕಿನ ಪಕ್ಕದಲ್ಲೇ ನನ್ನ ವರ್ಗಾವಣೆ ಅರ್ಜಿ. ಮಗ ಯಳಂದೂರಿನಲ್ಲಿ ಅತ್ತೆಯ ಜೊತೆಗಿದ್ದ, ನನಗೆ ಅಲ್ಲಿಗೆ ಹೋಗಬೇಕಿತ್ತು, ಅರ್ಜಿಯನ್ನು ಅವರು ಮೇಲಕ್ಕೆ ಕಳಿಸಬೇಕಿತ್ತು. ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ನೋಡಿದ್ದು ನಾನು.

"ಇದನ್ನ ರಿಜಿಸ್ಟರ್ ಮಾಡಿದ್ರೆ ನಾಳೆ ಮೇಲಿನವರು ಬಂದು ಕೂರ್ತಾರೆ. ಊರು ಎರಡು ಭಾಗ ಆಗುತ್ತೆ. ಕೊನೆಗೆ ನಿಮ್ಮಣ್ಣನ ಮೇಲೂ ಒಂದು ಕೇಸು ಬೀಳುತ್ತೆ" ಎಂದರು. "ರಾಜಿ ಅಂತ ಒಂದು ಟೈಪ್ ಮಾಡ್ಕೊಳ್ಳಿ. ಭಾನುವಾರ ಬಸಣ್ಣನ ಕೈಲಿ ಎಲ್ಲರ ಮುಂದೆ ತಪ್ಪಾಯ್ತು ಅನ್ನಿಸ್ತೀನಿ. ಲೋಟದಲ್ಲೇ ಕಾಫಿ ಕೊಡಿಸ್ತೀನಿ. ನನ್ನ ಮಾತು."

"ಅವನು ಒಪ್ಪಲ್ಲ ಸಾರ್" ಎಂದೆ.

"ನೀವು ಹೇಳಿದ್ರೆ ಒಪ್ತಾನೆ. ಹೊರಗೆ ಕೂತಿದಾನಲ್ಲ, ಅವನಿಗೂ ಒಂದು ಕಾಫಿ ಕೊಡಿ."

ಸಿದ್ದರಾಜಣ್ಣ, ಇಲ್ಲಿಂದ ಮುಂದಿನದನ್ನು ಬರೆಯುವುದಕ್ಕೇ ನನಗೆ ಐದು ವರ್ಷ ಬೇಕಾಯಿತು. ಠಾಣೆಯ ಕಪಾಟಿನಲ್ಲಿ ನಾವು ಕುಡಿಯುವ ಲೋಟಗಳಿದ್ದವು. ಕೆಳಗಿನ ಹಲಗೆಯಲ್ಲಿ ಒಂದು ಸಾಲು ಪೇಪರ್ ಕಪ್ಪು. ಯಾರೂ ನನಗೆ ಹೀಗೆ ಮಾಡು ಅನ್ನಲಿಲ್ಲ. ಎಸ್‌ಐ ಅತ್ತ ನೋಡುತ್ತಲೂ ಇರಲಿಲ್ಲ. ನನ್ನ ಕೈ ತಾನಾಗಿ ಕೆಳಗೆ ಹೋಗಿ ಒಂದು ಪೇಪರ್ ಕಪ್ಪು ತೆಗೆಯಿತು — ನಿನಗೆ, ನನ್ನ ಅಣ್ಣನಿಗೆ, ಅದೇ ದೂರು ಕೊಡಲು ಬಂದವನಿಗೆ. ನಿನ್ನ ಕೈಗೆ ಕೊಟ್ಟ ಮೇಲೆಯೇ ನನಗೆ ಗೊತ್ತಾದದ್ದು. ನೀನು ಕಪ್ಪನ್ನು ನೋಡಿದೆ, ಆಮೇಲೆ ನನ್ನನ್ನು ನೋಡಿದೆ. ಕುಡಿದೆ. ಬೈದಿದ್ದರೆ ಆಗುತ್ತಿತ್ತು, ಮುಖಕ್ಕೆ ಎರಚಿದ್ದರೂ ಆಗುತ್ತಿತ್ತು.

ಆಮೇಲೆ ಟೈಪ್ ಮಾಡಿದೆ. 'ಮೇಲ್ಕಂಡ ವಿಚಾರದಲ್ಲಿ ನಾವುಗಳು ನಮ್ಮ ನಮ್ಮಲ್ಲಿಯೇ ರಾಜಿಯಾಗಿರುವುದರಿಂದ ಯಾವುದೇ ಕ್ರಮ ಬೇಡವೆಂದು…' ನಿನ್ನನ್ನು ಕೇಳಬೇಕಿತ್ತು. ಅಣ್ಣ, ಹೀಗೆ ಹೇಳುತ್ತಿದ್ದಾರೆ, ನಿನಗೆ ಒಪ್ಪಿಗೆಯೇ ಎಂದು ಒಂದು ಮಾತು. ಕೇಳಲಿಲ್ಲ — ನೀನು ಬೇಡ ಅಂದುಬಿಟ್ಟರೆ? ಹಾಳೆಯನ್ನು ನಿನ್ನ ಮುಂದಿಟ್ಟು, "ನೀನು ಹೇಳಿದ್ದನ್ನೇ ಟೈಪ್ ಮಾಡಿವ್ನಿ ಕಣಣ್ಣ, ಇದ್ಕೂ ಒಂದ್ ಸೈನ್ ಹಾಕು" ಎಂದೆ.

ನಿನಗೆ ಓದಲು ಬರುತ್ತದೆ. ಮೋಟಾರಿನ ಮೇಲಿನ ಸಣ್ಣ ಅಕ್ಷರವನ್ನೂ ಬೆಳಕಿಗೆ ಹಿಡಿದು ಓದುವವನು ನೀನು. ಆದರೆ ಅವತ್ತು ಹಾಳೆಯ ಕಡೆ ನೋಡಲೇ ಇಲ್ಲ. "ನೀನ್ ಬರ್ದಿದ್ದೀಯ ಅಂದ್ಮೇಲೆ ನಾನೇನವ್ವ ಓದದು" ಎಂದು ಸೈನ್ ಹಾಕಿದೆ.

ಭಾನುವಾರ ಬಸಣ್ಣ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಎಸ್‌ಐ ಹತ್ತಿರ ಹೋಗಿ, ಸಾರ್, ಮಾತು ಕೊಟ್ಟಿದ್ದಿರಿ ಎಂದೆ. "ಯಾವ ಮಾತು ಮಂಜುಳಾ? ರಾಜಿ ಆಗಿದೆಯಲ್ಲ" ಎಂದರು. ನನ್ನ ಅರ್ಜಿ ಮೇಲಕ್ಕೆ ಹೋಗಲೇ ಇಲ್ಲ. ಮೂರು ತಿಂಗಳಿಗೆ ಅವರೇ ವರ್ಗವಾಗಿ ಹೋದರು. ನಂಬಿಸಿ ಕತ್ತು ಕೊಯ್ದರು ಎಂದು ಎಷ್ಟೋ ದಿನ ಹಲ್ಲು ಕಚ್ಚಿದ್ದೇನೆ. ಆಗೆಲ್ಲ ನಾಚಿಕೆಯೂ ಆಗುತ್ತಿತ್ತು. ನನ್ನನ್ನು ಅವರು ನಂಬಿಸಿದ್ದು ಒಂದು ಮಾತಿನಿಂದ. ನಿನ್ನನ್ನು ನಾನು ನಂಬಿಸಿದ್ದು ಹುಟ್ಟಿನಿಂದ.

ಆ ರಾಜಿ ಪತ್ರದ ಫೋಟೋ ಬಸಣ್ಣನ ಫೋನಿಗೆ ಹೇಗೆ ಹೋಯಿತೋ. ಗಲ್ಲಾದಲ್ಲಿ ಕೂತು ಬಂದವರಿಗೆಲ್ಲ ತೋರಿಸಿದ. "ನೋಡ್ರಿ, ಏನೂ ಬ್ಯಾಡ ಅಂತ ಅವ್ನೇ ಸೈನ್ ಹಾಕವ್ನೆ. ಸುಳ್ಳು ಕಂಪ್ಲೇಂಟು." ಆ ರಸ್ತೆಯ ಹೋಟೆಲ್, ಗಿರಣಿ, ಅಂಗಡಿಯವರು ಒಬ್ಬೊಬ್ಬರಾಗಿ ನಿನ್ನನ್ನು ಕರೆಯುವುದು ಬಿಟ್ಟರು. ಈಗ ನೀನು ಬೋರ್‌ವೆಲ್ ಮೋಟಾರು ಹುಡುಕಿಕೊಂಡು ಹನೂರು, ಶಾಗ್ಯದ ಕಡೆ ಬಸ್ಸು ಹತ್ತುತ್ತೀಯ. ನೀನು ಠಾಣೆಗೆ ಬಂದು, "ಇದೆಂಗಾಯ್ತು ಕೂಸು, ನಾನು ಇಂಗೇಳ್ನಿಲ್ವಲ್ಲ" ಎಂದು ಕೇಳಿದ ದಿನವಾದರೂ ನಿಜ ಹೇಳಬಹುದಿತ್ತು. "ಎಸ್‌ಐ ಸಾಹೇಬ್ರು ಬದ್ಲಾಯ್ಸಿರ್ಬೇಕು ಅಣ್ಣ" ಎಂದೆ. ಅದು ನಾನು ಕೊಟ್ಟ ಸುಳ್ಳು. ನೀನು ಅದನ್ನೇ ಊರಿಗೆಲ್ಲ ಹಂಚಿ ನನ್ನ ಮಾನ ಕಾಪಾಡುತ್ತಾ ಬಂದೆ.

ಬೀದಿಯ ಜನ ಠಾಣೆಯ ದಾರಿ ಬಿಟ್ಟರು. ಹೋದ ವರ್ಷ ನಮ್ಮ ಬೀದಿಯ ಒಬ್ಬ ಹೆಣ್ಣುಮಗಳ ಕೈಯನ್ನು ಗಂಡ ಮುರಿದಾಗ ಅವಳು ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಬಚ್ಚಲಲ್ಲಿ ಜಾರಿಬಿದ್ದೆ ಎಂದಳು. ಕಂಪ್ಲೇಂಟ್ ಕೊಡು ಎಂದು ನಾನೇ ಫೋನಿನಲ್ಲಿ ಹೇಳಿದೆ. "ಸಿದ್ದರಾಜಣ್ಣಂಗೇ ಅಂಗಾಯ್ತಲ್ಲಕ್ಕ, ನನ್ ಮಾತು ಯಾರ್ ಕೇಳಾರು" ಎಂದಳು. ನಾನು ಫೋನ್ ಇಟ್ಟುಬಿಟ್ಟೆ.

ಹೋದ ವಾರ ನೀನು ಫೋನ್ ಮಾಡಿದೆ. ಬಹಳ ದಿನಕ್ಕೆ ನಿನ್ನ ದನಿಯಲ್ಲಿ ಹುರುಪಿತ್ತು. "ಕಾವ್ಯನೂ ಪೊಲೀಸ್ ಪರೀಕ್ಷೆ ಬರೀತಾಳಂತೆ ಕೂಸು. ಅದೇ ಕೆರೆ ಏರಿ ಮ್ಯಾಲೆ ಓಡುಸ್ತಾ ಇವ್ನಿ. ಅರ್ಜಿ ನೀನೇ ತುಂಬ್ಕೊಡು. ಎಲ್ಲಿ ತೋರುಸ್ತೀಯೋ ಅಲ್ಲಿ ಸೈನ್ ಹಾಕ್ತೀನಿ."

ಫೋನ್ ಇಟ್ಟ ಮೇಲೆ ಈಗ ನಾನಿರುವ ಠಾಣೆಯ ಹಿಂದಿನ ಹುಣಸೆ ಮರದ ಕೆಳಗೆ ನಿಂತುಬಿಟ್ಟೆ. ಇಷ್ಟಾದ ಮೇಲೂ ನೀನು ಓದದೆ ಸೈನ್ ಹಾಕುತ್ತೀಯ. ನನ್ನನ್ನು ನೋಡಿ ನಿನ್ನ ಮಗಳು ಓಡುತ್ತಿದ್ದಾಳೆ. ಇನ್ನೂ ಸುಮ್ಮನಿದ್ದರೆ ಅವಳಿಗೂ ಮಾಡಿದ ದ್ರೋಹವಾಗುತ್ತದೆ ಅನ್ನಿಸಿತು. ಬರೆಯಲು ಕೂತೆ.

ಇದರ ಜೊತೆಗೆ ಮೂರು ಹಾಳೆ ಇಟ್ಟಿದ್ದೇನೆ. ಮೊದಲಿನ ಎರಡು ನಿನ್ನ ಮೂಲ ದೂರು, ನನ್ನ ಕೈಬರಹ, ಕೆಳಗೆ ನಿನ್ನ ಸೈನು. ಹರಿದು ಹಾಕಿ ಎಂದು ಎಸ್‌ಐ ಹೇಳಿದ್ದರು. ಹರಿಯಲಿಲ್ಲ, ಯೂನಿಫಾರ್ಮಿನ ಪೆಟ್ಟಿಗೆಯ ತಳದಲ್ಲಿಟ್ಟಿದ್ದೆ. ಅದನ್ನು ದೊಡ್ಡದು ಮಾಡಬೇಡ, ಐದು ವರ್ಷ ಬಚ್ಚಿಟ್ಟದ್ದೂ ನಾನೇ. ಮೂರನೆಯ ಹಾಳೆ ನನ್ನ ಹೇಳಿಕೆ. ಯಾರ ಮಾತಿಗೆ, ಯಾವ ಆಸೆಗೆ, ಏನು ಟೈಪ್ ಮಾಡಿದೆ, ನಿನಗೆ ಏನು ಹೇಳಿ ಸೈನ್ ಮಾಡಿಸಿಕೊಂಡೆ ಎಲ್ಲ ಅದರಲ್ಲಿದೆ. ಅದರ ಒಂದು ಪ್ರತಿಯನ್ನು ಸೋಮವಾರ ಜಿಲ್ಲೆಯ ಮೇಲಧಿಕಾರಿಗೆ ನಾನೇ ಕೈಯಾರೆ ಕೊಡುತ್ತೇನೆ. ಕೆಲಸ ಹೋಗಬಹುದು, ಕೇಸೂ ಆಗಬಹುದು. ಆಗಲಿ.

ಅದಕ್ಕೂ ಮುಂಚೆ ಭಾನುವಾರ ಬೆಳಿಗ್ಗೆ ಊರಿಗೆ ಬರುತ್ತೇನೆ, ಸೀರೆಯಲ್ಲಿ. ಮಾದಜ್ಜನನ್ನೂ, ಆ ಹೆಣ್ಣುಮಗಳನ್ನೂ ಕರೆಸಿರು. ಈ ಕಾಗದವನ್ನು ಕಾವ್ಯ ಗಟ್ಟಿಯಾಗಿ ಓದಲಿ. ಕೇಳಿದ ಮೇಲೆ ನೀನು ಒಳಗೆ ಕರೆಯದಿದ್ದರೆ ನಿನ್ನ ಮನೆಯ ಹೊರಗಿನ ಕಲ್ಲಿನ ಮೇಲೆ ಕೂತಿರುತ್ತೇನೆ. ಕಾವ್ಯಳ ಅರ್ಜಿಯನ್ನು ಅವಳೇ ತುಂಬಲಿ, ಪ್ರತಿ ಸಾಲನ್ನೂ ನೀನು ಓದು.

ಮೂರೂ ಹಾಳೆಗಳನ್ನು ಬೆಳಕಿಗೆ ಹಿಡಿದು ಓದಣ್ಣ. ನಾನು ಬರೆದದ್ದು ಅಂತ ಬಿಡಬೇಡ. ಮೂರನೆಯದರ ಕೆಳಗೆ ನನ್ನ ಸೈನ್ ಇದೆ. ನಿನ್ನ ಸೈನಿಗೆ ಅದರಲ್ಲಿ ಎಲ್ಲೂ ಜಾಗ ಬಿಟ್ಟಿಲ್ಲ.