ಮೊದಲು ಹೊರಬಂದವನು

ಮಂಕಿ ಟೋಪಿಯ ಕಿಂಡಿಯಲ್ಲಿ ಮೂರು ಗೆರೆ ವಿಭೂತಿ, ಒಂದು ಕೆಂಪು ಮೂಗು, ಕಾಣುತ್ತಿದ್ದದ್ದು ಅಷ್ಟೇ. ಮೈಮೇಲೆ ಎರಡು ಸ್ವೆಟರು, ಅದರ ಮೇಲೆ ಮದುವೆಗಳಿಗೆ ಹಾಕುವ ಕರಿಕೋಟು. ಸೊಂಟದಿಂದ ಕೆಳಗೆ ಮಾತ್ರ ಎಂದಿನ ಬಿಳಿ ಪಂಚೆ. ಮಸ್ಸೂರಿಯ ಬಸ್ ನಿಲ್ದಾಣದಲ್ಲಿ ಆ ಪಂಚೆಯನ್ನು ಎತ್ತಿ ಕಟ್ಟಿ ಹಿಮದ ಮೇಲೆ ನಡೆಯುತ್ತಿದ್ದ ನನ್ನ ದೊಡ್ಡಪ್ಪನನ್ನು ನೋಡಿ ದಪ್ಪ ಉಣ್ಣೆ ಕೋಟು ತೊಟ್ಟ ಅಲ್ಲಿನ ಕೂಲಿಗಳು ನಗುತ್ತಿದ್ದರು.

"ನಗ್ಲಿ ಬುಡು. ಇವರು ಇದೇ ಕೋಟಲ್ಲಿ ನಮ್ಮೂರಿಗೆ ಬಂದ್ರೆ ನಾವು ನಗಲ್ವಾ?" ಅಂದರು ದೊಡ್ಡಪ್ಪ.

ತಿಪಟೂರಿನಲ್ಲಿ ಅವರದು ಕೊಬ್ಬರಿ ಮಂಡಿ. ತುರುವೇಕೆರೆ, ಶೆಟ್ಟಿಕೆರೆ ಕಡೆಯ ರೈತರು ತಂದ ಉಂಡೆ ಕೊಬ್ಬರಿ ಕೊಂಡು ದಿಲ್ಲಿಗೆ ಕಳಿಸುತ್ತಿದ್ದರು. ಮೂಟೆಗೆ ಕೈಹಾಕಿ ಒಂದು ಉಂಡೆ ತೆಗೆದು, ಒಡೆದು, ಚೂರು ಬಾಯಿಗೆ ಹಾಕಿಕೊಂಡರೆ ಅದನ್ನು ನುಂಗುವುದರೊಳಗೆ ಬೆಲೆ ಹೇಳಿಬಿಡುತ್ತಿದ್ದರು. "ಇನ್ನೊಂದ್ಸಲ ನೋಡಿ ಸಾವ್ಕಾರ್ರೇ" ಎಂದು ಯಾರಾದರೂ ಗೋಗರೆದರೆ ಉತ್ತರ ಒಂದೇ: "ನೋಡಿದ್ದಾಯ್ತು, ನಡಿ ಮುಂದ್ಕೆ." ಮನೆಯಲ್ಲೂ ಹಾಗೆಯೇ. ನನ್ನನ್ನು ಕಾಲೇಜಿಗೆ ಕಳಿಸುವುದು ಬೇಡವೆಂದು ನಮ್ಮಪ್ಪ ವಾರಗಟ್ಟಲೆ ಗೊಣಗುತ್ತಿದ್ದಾಗ ದೊಡ್ಡಪ್ಪ ಊಟದ ತಟ್ಟೆಯಿಂದ ತಲೆ ಎತ್ತದೆ "ಓದ್ಲಿ" ಅಂದರು. ನಾನು ಬಿ.ಕಾಂ. ಮಾಡಿದ್ದು ಆ ಒಂದು ಮಾತಿನಿಂದ.

ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲ. ದಿಲ್ಲಿಯ ವರ್ತಕರೊಬ್ಬರನ್ನು ಕಂಡು ಮಾತಾಡಬೇಕಿತ್ತು. ಹಿಂದಿ ಬರುತ್ತದೆಂದು ನನ್ನನ್ನು ಕರೆದುಕೊಂಡರು. ತಾನೂ ಬರುತ್ತೇನೆಂದು ದೊಡ್ಡಮ್ಮ ಹೊರಟರು. ರೈಲು ಹತ್ತಿಸಲು ಬಂದ ಅಪ್ಪ, "ಅಣ್ಣಾ, ಇರೋನು ಒಬ್ನೇ ಮಗ, ನೋಡ್ಕೋ" ಎಂದಾಗ ದೊಡ್ಡಪ್ಪ, "ಹೋಗೋಗು, ನಾನೇನು ಯುದ್ಧಕ್ಕೆ ಕರ್ಕೊಂಡೋಗ್ತಿದೀನಾ?" ಎಂದು ಗದರಿದರು.

ದಿಲ್ಲಿಯ ಕೆಲಸ ಶುಕ್ರವಾರಕ್ಕೆ ಮುಗಿಯಿತು. ಊರಿಗೆ ಹಿಂದಿರುಗುವ ರೈಲು ಇದ್ದದ್ದು ಸೋಮವಾರ. ಎರಡು ದಿನ ಮಸ್ಸೂರಿಗೆ ಹೋಗಿ ಹಿಮ ನೋಡಿ ಬನ್ನಿ ಎಂದು ವರ್ತಕರೇ ಹೇಳಿದರು. ದೊಡ್ಡಪ್ಪನಿಗೆ ಮನಸ್ಸಿರಲಿಲ್ಲ. "ಶಿವ ಇರೋ ಬೆಟ್ಟ ಇಷ್ಟು ಹತ್ರ ಬಂದು ನೋಡ್ದೆ ಹೋಗೋದಾ? ಊರಲ್ಲಿ ಕೇಳ್ದೋರಿಗೆ ಏನ್ ಹೇಳ್ಲಿ, ಕೊಬ್ಬರಿ ಗೋಡೌನ್ ನೋಡ್ಕೊಂಡು ಬಂದೆ ಅನ್ಲಾ?" ಎಂದು ದೊಡ್ಡಮ್ಮ ಹಂಗಿಸಿದ ಮೇಲೆ ಒಪ್ಪಿದರು.

ಹೋಟೆಲಿನಲ್ಲಿ ನಮಗೆ ಸಿಕ್ಕಿದ್ದು ಇಳಿಜಾರಿನ ಕೊನೆಯ ಕೋಣೆ. ಒಂದು ಬಾಗಿಲು, ಒಂದು ಗಾಜಿನ ಕಿಟಕಿ. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಹಿಮ ಸುರಿಯತೊಡಗಿತು. ದೊಡ್ಡಮ್ಮನ ಹಲ್ಲು ಕಟಕಟ ಎನ್ನುತ್ತಿದ್ದವು. ಹೊರಗಿನ ಜಗಲಿಯಲ್ಲಿ, ಬಂದವರು ಕೈ ಕಾಯಿಸಿಕೊಳ್ಳಲೆಂದು ತಗಡಿನ ಇದ್ದಿಲ ಒಲೆಯೊಂದನ್ನು ಇಟ್ಟಿದ್ದರು. ಕೆಂಡ ನಿಗಿನಿಗಿ ಉರಿಯುತ್ತಿತ್ತು. ದೊಡ್ಡಪ್ಪ ಸುತ್ತ ನೋಡಿ, ಟವೆಲಿನಲ್ಲಿ ಅದರ ಹಿಡಿ ಹಿಡಿದು ಒಳಗೆ ತಂದು ಕೋಣೆಯ ನಡುವೆ ಇಟ್ಟರು. ಬಾಗಿಲಿಗೆ ಚಿಲಕ ಹಾಕಿ ಕೆಳಗಿನ ಸಂದಿಗೆ ದುಪ್ಪಟಿ ತುರುಕಿದರು.

"ಒಳಗೆ ಬೆಂಕಿ ಯಾಕ್ರೀ?" ಎಂದರು ದೊಡ್ಡಮ್ಮ.

"ಹೊಗೆ ಎಲ್ಲೈತೆ ತೋರ್ಸು? ಹೊಗೆ ಇಲ್ದ ಬೆಂಕಿ ಏನ್ ಮಾಡ್ತದೆ?"

ನಮ್ಮ ಕಡೆಯ ಮನೆಗಳಲ್ಲಿ ಹುಟ್ಟಿ ಬೆಳೆದವರು ಯಾರಾದರೂ ಹೀಗೇ ಹೇಳುತ್ತಿದ್ದರು. ಅಟ್ಟದ ತುಂಬ ಕಾಯಿ ಹರಡಿ, ಕೊಬ್ಬರಿಯಾಗುವವರೆಗೆ ತಿಂಗಳುಗಟ್ಟಲೆ ಕೆಳಗೆ ಬೆಂಕಿಯ ಕಾವು ಕೊಡುವ ಮನೆಗಳು ಅವು. ನಾವೆಲ್ಲ ಮಲಗುತ್ತಿದ್ದದ್ದು ಆ ಅಟ್ಟದ ಕೆಳಗೇ, ಬೆಂಕಿಯ ಪಕ್ಕದಲ್ಲೇ. ಹೊಗೆ ಹೆಚ್ಚಾದರೆ ಕಣ್ಣುರಿಯುತ್ತದೆ, ಕೊಬ್ಬರಿ ಕಪ್ಪಾಗುತ್ತದೆ. ಬೆಂಕಿಯಿಂದ ಕೆಡುಕು ಅಂದರೆ ನಮಗೆ ಅಷ್ಟೇ. ಹೆಂಚಿನ ಸಂದಿಗಳಲ್ಲಿ ಗಾಳಿ ಆಡುತ್ತಿದ್ದದ್ದರಿಂದ ನಾವು ಬದುಕಿದ್ದೆವು ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಕೋಣೆ ಬೆಚ್ಚಗಾಯಿತು. ದೊಡ್ಡಮ್ಮ ಗೋಡೆಯ ಕಡೆಯ ಮಂಚದಲ್ಲಿ ರಜಾಯಿ ಹೊದ್ದು ಮಲಗಿದರು. ದೊಡ್ಡಪ್ಪ ಕಿಟಕಿಗೆ ಮೂಗು ತಾಗಿಸಿಕೊಂಡು ಕುರ್ಚಿಯಲ್ಲಿ ಕೂತರು. ಗಾಜು ಚೌಕಟ್ಟಿಗೆ ಕೂಡುವಲ್ಲಿ ಗಾಳಿ ನುಸುಳುವ ಒಂದು ಸಣ್ಣ ಬಿರುಕಿತ್ತು, ಅವರನ್ನು ಉಳಿಸಿದ್ದು ಅದೇ. ನಾನು ಬಾಗಿಲ ಬಳಿಯ ಚಾಪೆಯಲ್ಲಿದ್ದೆ. ತಲೆ ಸಿಡಿಯುತ್ತಿತ್ತು. ಘಾಟಿಯ ತಿರುವುಗಳಿಂದ ಇರಬೇಕೆಂದುಕೊಂಡೆ. "ತಲೆ ಯಾಕೋ ಭಾರ ಕಣ್ರೀ" ಎಂದು ದೊಡ್ಡಮ್ಮ ಅಂದದ್ದು ಕೇಳಿಸಿತು. "ಮಲಗು, ಹೋಯ್ತದೆ" ಎಂದರು ದೊಡ್ಡಪ್ಪ. ಆಮೇಲೆ ದೊಡ್ಡಮ್ಮನ ದನಿ ಇಲ್ಲ.

ದೊಡ್ಡಪ್ಪ ಏನೋ ತೋರಿಸಲೆಂದು ನನ್ನನ್ನು ಕರೆದರು. ನನಗೆ ಕೇಳಿಸಿತು, ಉತ್ತರ ಕೊಡಲಾಗಲಿಲ್ಲ. ಕಣ್ಣು ಅರೆ ತೆರೆದಿತ್ತು. ಎದುರಿಗೇ ಬಿದ್ದಿದ್ದ ನನ್ನ ಕೈ ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು, ಎತ್ತಲು ಬರಲಿಲ್ಲ. ದೊಡ್ಡಪ್ಪ ಎದ್ದರು, ಕಾಲು ಮಡಚಿ ಬಿದ್ದರು. ಮಂಡಿಯೂರಿ ತೆವಳುತ್ತಾ ಮಂಚದ ಬಳಿ ಹೋದದ್ದು ಕಂಡಿತು. "ಏಳೇ, ಏಳೇ" ಅನ್ನುತ್ತಿದ್ದರು. ನನಗೆ ಅವರ ಬೆನ್ನಷ್ಟೇ ಕಾಣುತ್ತಿತ್ತು. ಅವರು ನನ್ನ ಕಡೆಗೆ ತಿರುಗಿದರು.

ಚಿಲಕಕ್ಕೆ ಅವರ ಕೈ ಎಟುಕದೆ ಜಾರುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಕೊನೆಗೆ ಬಾಗಿಲು ತೆರೆಯಿತು. ನನ್ನ ಕಂಕುಳಿಗೆ ಕೈಹಾಕಿ ಹೊರಗೆಳೆದು ಹಿಮದ ಮೇಲೆ ಬಿಟ್ಟರು. ಮುಖದ ಮೇಲೆ ಹಿಮ ತಣ್ಣಗೆ ಬಿದ್ದಾಗ ಉಸಿರು ಎಳೆದುಕೊಂಡೆ. ತೆರೆದ ಬಾಗಿಲಲ್ಲಿ ರಜಾಯಿಯಿಂದ ಹೊರಗಿದ್ದ ದೊಡ್ಡಮ್ಮನ ಪಾದಗಳು, ಕಾಲುಂಗುರ ಕಾಣುತ್ತಿದ್ದವು. ಅವು ಅಲುಗುತ್ತಿರಲಿಲ್ಲ. ದೊಡ್ಡಪ್ಪ ಒಳಗೆ ಹೋಗಲು ತಿರುಗಿ ಹೊಸ್ತಿಲಲ್ಲೇ ಕುಸಿದರು. ನಾನು ಕೂಗಿದೆನಂತೆ. ಪಕ್ಕದ ಕೋಣೆಯವರು, ಹೋಟೆಲಿನವರು ಓಡಿ ಬಂದು ದೊಡ್ಡಮ್ಮನನ್ನು ರಜಾಯಿ ಸಮೇತ ಹೊತ್ತು ತಂದರು.

ಆಸ್ಪತ್ರೆಯಲ್ಲಿ ದೊಡ್ಡಮ್ಮನಿಗೆ ಆಕ್ಸಿಜನ್ ಹಾಕಿ, ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ವಿಷಗಾಳಿ ಒಳಗೆ ಹೋಗಿದೆ, ಉಳಿಯುತ್ತಾರೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು. ದೊಡ್ಡಪ್ಪ ಗೋಡೆ ನೋಡುತ್ತಾ ಕೂತರು. ಮರುದಿನ ಬೆಳಿಗ್ಗೆ ದೊಡ್ಡಮ್ಮ ಕಣ್ಣು ಬಿಟ್ಟು, "ಐಸು ಬೀಳೋದು ನಿಂತೋಯ್ತಾ?" ಎಂದು ಕೇಳಿದರು. ನಾನು ಅಳುತ್ತಾ ನಕ್ಕೆ. ದೊಡ್ಡಪ್ಪ ಎದ್ದು ಹೊರಗೆ ಹೋದರು.

ಊರಿಗೆ ಬಂದ ಮೇಲೆ ದೊಡ್ಡಮ್ಮನಿಗೆ ಇದೊಂದು ಕತೆಯಾಯಿತು. ಯಾರೇ ಮನೆಗೆ ಬರಲಿ, ಕಾಫಿ ಕೊಡುತ್ತಾ, "ಹೆಂಡ್ತೀನ ಒಳಗೆ ಬುಟ್ಟು ತಮ್ಮನ ಮಗನ್ನ ಎಳ್ಕೊಂಡು ಓಡಿದ ಗಂಡಸು ಕಣ್ರಪ್ಪಾ ಇವರು. ನಾನೇನು, ಇನ್ನೊಬ್ಳು ಸಿಕ್ತಾಳೆ" ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ರೈಲು ಹತ್ತುವಾಗ ತಮ್ಮ ಹೇಳಿದ ಮಾತು ನಡೆಸಿಕೊಟ್ಟರೆಂದು ನೆಂಟರು ಹೊಗಳುತ್ತಿದ್ದರು. ಅಪ್ಪನಂತೂ ಗೌರವಕ್ಕೆ ಅಣ್ಣನೆದುರು ಕೂರುವುದನ್ನೇ ಬಿಟ್ಟ. ದೊಡ್ಡಪ್ಪ ಮಾತ್ರ ಕಾಫಿ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ನಾಚಿಕೆ ಎಂದುಕೊಂಡಿದ್ದೆವು. ಮಂಡಿಯಲ್ಲಿ ಬೆಲೆ ಹೇಳುವ ಮುನ್ನ ಎರಡೆರಡು ಉಂಡೆ ಒಡೆಯುತ್ತಿದ್ದಾರೆ, ವಯಸ್ಸಾಯಿತು ಎಂದು ಜನ ಆಡಿಕೊಂಡರು.

ಕೆಲವು ವರ್ಷಗಳ ನಂತರ ಅವರು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ದೊಡ್ಡಮ್ಮ ಹಿತ್ತಲಿಗೆ ಹೋಗಿದ್ದಾಗ ನನ್ನನ್ನು ಹತ್ತಿರ ಕರೆದರು.

"ನಿಮ್ಮಪ್ಪನ ಮಾತಿಗೆ ನಿನ್ನ ಎಳೆದೆ ಅಂತಾರಲ್ಲ, ಅಲ್ಲ ಕಣಪ್ಪ. ಮೊದ್ಲು ಅವಳ ಹತ್ರಾನೇ ಹೋದೆ. ಮೂಗಿನ ಹತ್ರ ಬೆರಳಿಟ್ಟೆ, ಏನೂ ಸಿಗ್ಲಿಲ್ಲ. ಹೋದ್ಲು ಅಂದ್ಕೊಂಡೆ. ನಿನ್ನ ಎದೆ ಏರಿಳೀತಿತ್ತು, ಅದಕ್ಕೇ ನಿನ್ನ ಎಳೆದೆ." ಹಿತ್ತಲ ಬಾಗಿಲ ಕಡೆ ಒಮ್ಮೆ ನೋಡಿದರು. "ಬದುಕಿದ್ದೋಳನ್ನ ಸತ್ತೋದ್ಲು ಅಂತ ಬುಟ್ ಬಂದೆ. ಒಂದ್ಸಲ ಗಟ್ಟಿಯಾಗಿ ಅಲುಗಾಡಿಸ್ಬೇಕಿತ್ತು. ನಿನ್ನನ್ನ ಆರಿಸ್ಕೊಂಡೆ ಅಂತ ತಿಳ್ಕೊಂಡವ್ಳೆ. ಹಂಗೇ ತಿಳ್ಕೊಳ್ಳಿ. ನೀನೂ ಬಾಯಿ ಬುಡಬೇಡ."

ಆ ವಾರವೇ ಹೋದರು. ನನ್ನ ಈ ಉಸಿರು ಅವರು ಕೊಟ್ಟದ್ದು, ಅದು ನನಗೆ ಗೊತ್ತು. ಮೊನ್ನೆ ಒಂದು ನಾಮಕರಣದಲ್ಲಿ ದೊಡ್ಡಮ್ಮ ಹೊಸ ಸೊಸೆಯಂದಿರನ್ನು ಸುತ್ತ ಕೂರಿಸಿಕೊಂಡು, ನನ್ನ ಕಡೆ ಕೈ ತೋರಿಸಿ, "ನೋಡ್ರೇ, ನನ್ನ ಬುಟ್ಟು ಇವನನ್ನ ಎಳ್ಕೊಂಡು ಹೋದ್ರು" ಎಂದು ಶುರುಮಾಡಿದರು. ಅವರೆಲ್ಲ ನನ್ನ ಮುಖ ನೋಡಿದರು. "ಹೌದು" ಎಂದು ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.