ಹಿಂದೂಪುರವೋ, ಗೌರಿಬಿದನೂರೋ

ನಮ್ಮನೆಯವರಿಗೆ ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಾಗ ನಾವು ಶಿಡ್ಲಘಟ್ಟದಲ್ಲಿದ್ದೆವು. ಕೆಲವು ತಿಂಗಳು ಅವರು ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಹೋಗಿ ಬಂದು ಮಾಡಿದರು. ಕಡೆಗೆ ಊಟದ ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸುವ ಹಾಗಾಯಿತು. ಮನೆ ಬದಲಾಯಿಸಲೇಬೇಕು ಅನ್ನುವುದರಲ್ಲಿ ತಕರಾರಿರಲಿಲ್ಲ. ಎಲ್ಲಿಗೆ ಅನ್ನುವುದೇ ಜಗಳ.

ಫ್ಯಾಕ್ಟರಿಯಿಂದ ಈ ಕಡೆ ಬಂದರೆ ಗೌರಿಬಿದನೂರು, ಆ ಕಡೆ ಹೋದರೆ ಗಡಿ ದಾಟಿ ಆಂಧ್ರದ ಹಿಂದೂಪುರ. ನಮ್ಮತ್ತೆಯ ತಂಗಿ ಇರುವುದು ಹಿಂದೂಪುರದಲ್ಲಿ. ಹಾಗಾಗಿ ಅತ್ತೆ ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿ ಆಗಿತ್ತು. "ಅಕ್ಕಡ ಅನ್ನೀ ಚವಕೇ ಅಮ್ಮಾ, ಅಲ್ಲಿ ಎಲ್ಲಾ ಅಗ್ಗ, ಬಾಡಿಗೆ ಕಮ್ಮಿ, ಅಡ್ವಾನ್ಸ್ ಕಮ್ಮಿ, ಸೊಪ್ಪು ಅಂತೂ ಕೇಳ್ಲೇಬೇಡ" ಎಂದು ದಿನಕ್ಕೆರಡು ಸಲ ಹೇಳುತ್ತಿದ್ದರು. ಪೂಜೆಯ ಗೂಡು ಅಲ್ಲಿನ ಮನೆಯಲ್ಲಿ ಯಾವ ಗೋಡೆಗೆ ಅನ್ನುವುದನ್ನೂ ತೀರ್ಮಾನ ಮಾಡಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುವುದು ಇದಕ್ಕೇ.

ನಮ್ಮನೆಯವರು ಮಾತಿಗಿಂತ ಲೆಕ್ಕ ನಂಬುವವರು. ಒಂದು ಭಾನುವಾರ ಮೊಬೈಲ್ ಹಿಡಿದು ಕೂತರು. ಬಾಡಿಗೆ ಹಿಂದೂಪುರದಲ್ಲಿ ಅಗ್ಗ, ಸರಿ. ಆದರೆ ಪೆಟ್ರೋಲ್ ಅಲ್ಲಿ ದುಬಾರಿ. ಅಲ್ಲಿಯವರೇ ಗಡಿ ದಾಟಿ ಬಂದು ನಮ್ಮ ಬಂಕಿನಲ್ಲಿ ಹಾಕಿಸಿಕೊಂಡು ಹೋಗುತ್ತಾರೆ. ನಮ್ಮ ಗಾಡಿಯ ನಂಬರ್ ಕರ್ನಾಟಕದ್ದು. ಅಲ್ಲೇ ನೆಲೆ ನಿಂತರೆ ಇವತ್ತಲ್ಲ ನಾಳೆ ಅಲ್ಲಿನ ರಸ್ತೆ ತೆರಿಗೆ ಕಟ್ಟಿ ನಂಬರ್ ಬದಲಾಯಿಸಬೇಕು. ರೇಷನ್ ಕಾರ್ಡು, ಕರೆಂಟಿನ ಯೋಜನೆ, ನನ್ನ ಫ್ರೀ ಬಸ್ಸು ಎಲ್ಲಾ ಈ ಕಡೆಯವು. ಸಂಬಳದಲ್ಲಿ ಮುರಿಯುವ ವೃತ್ತಿ ತೆರಿಗೆಗೆ ಮಾತ್ರ ನಾವು ಎಲ್ಲಿ ಮಲಗುತ್ತೇವೆ ಅನ್ನುವ ಚಿಂತೆಯಿಲ್ಲ. ಹೀಗೆ ಕೂಡಿಸಿ, ಕಳೆದು, ಹಾಲು ಮೊಸರನ್ನೂ ಬಿಡದೆ ಲೆಕ್ಕ ಹಾಕಿ, "ಎರಡೂ ಹೆಚ್ಚುಕಮ್ಮಿ ಒಂದೇ ಕಣೇ" ಅಂದರು.

ಮೊಬೈಲ್ ಈಸಿಕೊಂಡು ನೋಡಿದೆ. ಕೊತ್ತಂಬರಿ ಸೊಪ್ಪಿತ್ತು, ನಾನಿರಲಿಲ್ಲ.

ನಾನು ಬ್ಲೌಸ್ ಹೊಲಿಯುವವಳು. ಚಿಂತಾಮಣಿಯ ತವರಿನಿಂದ ತಂದ ಮೆಷಿನ್ನಿನಲ್ಲಿ ಶಿಡ್ಲಘಟ್ಟದ ಅರ್ಧ ಬೀದಿಗೆ ಹೊಲಿದಿದ್ದೇನೆ. ಸಾದಲಿ ಕಡೆಯಿಂದ ರೇಷ್ಮೆ ಗೂಡು ಮಾರಲು ಬರುವ ರೈತರ ಜೊತೆ ಅವರ ಮನೆಯ ಹೆಂಗಸರೂ ಬಂದು ಬ್ಲೌಸ್ ಪೀಸ್ ಕೊಟ್ಟು ಹೋಗುತ್ತಿದ್ದರು. ಗೂಡಿಗೆ ಒಳ್ಳೆ ರೇಟು ಬಂದ ದಿನ ಒಂದರ ಬದಲು ಎರಡು. ಮಗಳ ಸ್ಕೂಲ್ ಫೀಸು ಆ ದುಡ್ಡಿನಲ್ಲೇ ನಡೆಯುತ್ತಿತ್ತು. ಊರು ಬಿಟ್ಟರೆ ಆ ಗಿರಾಕಿಗಳೆಲ್ಲ ಹೋದ ಹಾಗೆಯೇ.

"ನನ್ನ ಸಂಪಾದನೆ ಎಲ್ಲಿ ರೀ?" ಅಂದೆ.

"ಅದು ಹೇಗೂ ನಡೀತದೆ ಬಿಡು."

"ಹೇಗೆ ನಡೀತದೆ?"

ಅವರು ತಲೆ ಕೆರೆದುಕೊಂಡರು. "ಹಿಂದೂಪುರಕ್ಕೆ ಹೋದ್ರೆ ನಡೀಬೋದು. ಗೌರಿಬಿದನೂರಲ್ಲಿ ಕಷ್ಟ. ಅಲ್ಲಿ ಮನೆಗೊಬ್ಬರು ಗಾರ್ಮೆಂಟ್ಸ್ ಹೆಂಗಸರು, ಎಲ್ಲಾ ಹೊಲಿಯೋರೇ. ನಿನ್ನ ಹತ್ರ ಯಾರು ಬರ್ತಾರೆ?"

ಕೇಳಿದರೆ ಹೌದು ಅನ್ನಿಸುವ ಮಾತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಬಾಡಿಗೆ ವಿಚಾರಿಸಲು ಮೂರು ಸಲ ಹೋಗಿಬಂದವರು ಒಬ್ಬ ಟೈಲರನ್ನಾದರೂ ವಿಚಾರಿಸಿದ್ದರೇ? ಎರಡು ಬ್ಲೌಸ್ ಪೀಸ್ ಬ್ಯಾಗಿಗೆ ಹಾಕಿಕೊಂಡು ಮಾರನೇ ವಾರ ನಾನೇ ಹೊರಟೆ.

ಮೊದಲು ಹಿಂದೂಪುರ. ಹೊಲಿಸುವವಳ ಹಾಗೆ ಒಂದು ಟೈಲರ್ ಅಂಗಡಿಗೆ ಹೋಗಿ, ಲೈನಿಂಗ್ ಬ್ಲೌಸಿಗೆ ಎಷ್ಟು, ಯಾವಾಗ ಕೊಡುತ್ತೀರಿ ಎಂದು ತೆಲುಗಿನಲ್ಲೇ ಕೇಳಿದೆ. ರೇಟು ನಮ್ಮೂರಿಗಿಂತ ಕಮ್ಮಿ. "ರೇಪು ಸಾಯಂತ್ರಂ ರಾ ಅಕ್ಕಾ" ಅಂದ ಆತ. ನಾಳೆ ಸಂಜೆಗೇ ಬ್ಲೌಸ್ ಕೊಡುವಷ್ಟು ಬಿಡುವಿದ್ದರೆ ಆ ಬೀದಿಗೆ ಇನ್ನೊಬ್ಬ ಟೈಲರ್ ಯಾಕೆ? ದೂರದ ಬೆಟ್ಟ ನುಣ್ಣಗೆ ಅಂದುಕೊಂಡು ಬಸ್ಸು ಹತ್ತಿದೆ. ಗೌರಿಬಿದನೂರು ಇನ್ನೂ ಕೆಟ್ಟದಾಗಿರುತ್ತದೆ ಎಂದು ದಾರಿಯುದ್ದಕ್ಕೂ ಹೆದರಿಕೆಯಿತ್ತು. ಹೊಲಿಗೆ ಬಿಟ್ಟು ನನಗೆ ಬೇರೇನೂ ಬರುವುದಿಲ್ಲ.

ಗೌರಿಬಿದನೂರಿನ ಟೈಲರ್ ಅಂಗಡಿಯಲ್ಲಿ ಮೆಟ್ಟಿಲು ಹತ್ತುವಾಗಲೇ ಜಗಳ ಕೇಳಿಸಿತು. ಕೊರಳಿನಲ್ಲಿ ಫ್ಯಾಕ್ಟರಿ ಐಡಿ ಕಾರ್ಡು ಇನ್ನೂ ನೇತಾಡುತ್ತಿದ್ದ ಹೆಂಗಸೊಬ್ಬಳು ಟೈಲರನ್ನು ತರಾಟೆಗೆ ತೆಗೆದುಕೊಂಡಿದ್ದಳು. "ನನ್ನ ತಂಗಿ ಮದುವೆ ಆಗಿ ಗಂಡನ ಮನೆಗೂ ಹೋದ್ಲು ಕಣಪ್ಪಾ, ನೀನಿನ್ನೂ ತೋಳು ಇಟ್ಟಿಲ್ಲ!"

ಟೈಲರ್ ತಲೆ ಎತ್ತದೆ ನನಗೂ ಹೇಳಿದ: "ವರಮಹಾಲಕ್ಷ್ಮಿ ಹಬ್ಬ ಕಳೀಲಿ ಅಮ್ಮಾ, ಆಮೇಲೆ ತನ್ನಿ."

ಹೊರಗೆ ಬಂದ ಮೇಲೆ ಅವಳನ್ನು ಕೇಳಿದೆ. "ಗಾರ್ಮೆಂಟ್ಸಲ್ಲಿ ಇದ್ದೀಯಲ್ಲಮ್ಮಾ, ನೀನೇ ಹೊಲ್ಕೋಬಾರ್ದಾ?"

ಅವಳಿಗೆ ನಗು ಬಂತು. "ಅಯ್ಯೋ ಅಕ್ಕಾ, ನಾನು ಕಾಲರ್ ಸೆಕ್ಷನ್ನು. ಬೆಳಿಗ್ಗೆಯಿಂದ ಸಂಜೆ ತಂಕ ಕಾಲರ್, ಬರೀ ಕಾಲರ್. ಪಕ್ಕದೋಳು ಬರೀ ಜೇಬು. ಕಟಿಂಗ್ ಯಾರಿಗೆ ಬರ್ತದೆ? ಬಂದ್ರೂ ಮನೆಗೆ ಹೋದ್ಮೇಲೆ ಮೆಷಿನ್ ಮುಖ ನೋಡೋಕೆ ಯಾರಿಗೆ ಇಷ್ಟ?"

ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಕೈಯಲ್ಲಿ ಸಂಬಳ, ಹೊಲಿಯಲು ಪುರುಸೊತ್ತಿಲ್ಲ, ಹೊಲಿಸಲು ಆಸೆಯಿದೆ. ಇಂಥ ಊರಲ್ಲಿ ಕಷ್ಟ ಅಂದಿದ್ದರಲ್ಲ ನಮ್ಮನೆಯವರು! ಅಲ್ಲೇ ನಿಂತು ನಾನು ಟೈಲರ್ ಎಂದು ಹೇಳಿಬಿಟ್ಟೆ. ಅವಳು ನಂಬರ್ ಬರೆದುಕೊಂಡು, "ಭಾನುವಾರ ತಗೋತೀರಾ? ನಮಗೆ ರಜ ಅವತ್ತೇ" ಅಂದಳು. ನಾನು ಯಾವ ವಾರ ಆದರೂ ತಗೋತೀನಿ ಅಂದೆ.

ಮನೆಗೆ ಬಂದು ಎಲ್ಲಾ ಹೇಳಿದೆ. ಮಾರನೇ ದಿನ ಅತ್ತೆ, ತಂಗಿಯ ಮನೆಗೆ ಗೌರಿಬಿದನೂರಿನಿಂದ ಬಸ್ಸು ಎಷ್ಟೊತ್ತಿಗಿದೆ ಎಂದು ಕೇಳಿದರು. ನಮ್ಮನೆಯವರು, ಶನಿವಾರ ಗೌರಿಬಿದನೂರಲ್ಲಿ ಮನೆ ನೋಡಲು ಹೋಗೋಣ ಎಂದಷ್ಟೇ ಹೇಳಿದರು. ಹಾಲು ಮೊಸರಿನ ಲೆಕ್ಕದವರು, ಅಗ್ಗದ ಮನೆಗೇ ಕೈ ಹಾಕುತ್ತಾರೆ ಎಂದುಕೊಂಡು ನಾನು ಜಗಳಕ್ಕೆ ತಯಾರಾಗಿಯೇ ಹೋದೆ.

ಮನೆಯ ಒಡತಿ ವಯಸ್ಸಾದ ಹೆಂಗಸು. ಹಿಂದಿನ ಪೋರ್ಷನ್ನಿಗೆ ಬಾಡಿಗೆ ಕಮ್ಮಿ, ಮುಂದಿನದಕ್ಕೆ ಜಾಸ್ತಿ ಅಂದರು. ಬಾಡಿಗೆ ಕೇಳಿ ನಮ್ಮನೆಯವರ ಹುಬ್ಬು ಗಂಟಾಯಿತು. "ಏನು ಕೆಲಸ ಮಾಡ್ತೀರಪ್ಪಾ?" ಎಂದು ಆಕೆ ಕೇಳಿದ್ದು ಅವರನ್ನು.

"ನಮ್ಮನೆಯವರು ಟೈಲರ್ ಅಮ್ಮಾ" ಅಂದರು. "ಗಿರಾಕಿಗಳು ಬಂದು ಹೋಗ್ತಾ ಇರ್ತಾರೆ, ಬೆಳಕೂ ಬೇಕು. ಬೀದಿ ಕಡೆದೇ ಕೊಡಿ." ಆಮೇಲೆ ನೆನಪಾದವರ ಹಾಗೆ, "ನಾನು ಕುಡುಮಲಕುಂಟೆ ಫ್ಯಾಕ್ಟರಿಯಲ್ಲಿದ್ದೀನಿ" ಎಂದು ಸೇರಿಸಿದರು.

ಮದುವೆಯಾದಾಗಿನಿಂದ ಅವರು ನನ್ನನ್ನು ಇನ್ನೊಬ್ಬರಿಗೆ ಹಾಗೆ ಪರಿಚಯ ಮಾಡಿಸಿದ್ದು ಅದೇ ಮೊದಲು. ಕಣ್ಣು ತುಂಬಿತು. ಸೆರಗಿನಲ್ಲಿ ಒರೆಸಿಕೊಂಡು, ಬಾಡಿಗೆಯಲ್ಲಿ ಐನೂರು ಕಮ್ಮಿ ಮಾಡಿಕೊಳ್ಳಿ ಎಂದು ಒಡತಿಯ ಹತ್ತಿರ ಚೌಕಾಸಿ ಶುರುಮಾಡಿದೆ.